ಬಂಗು ಮೊದಲು, ಸುಕ್ಕು ಆಮೇಲೆ

ಹುಬ್ಬುಗಳ ನಡುವಿನ ಗೆರೆಗಳಿಗೆ ಬೊಟಾಕ್ಸ್ ಚುಚ್ಚಿಸಿಕೊಳ್ಳಲು ಬಂದ ಶಿಕ್ಷಕಿಯೊಬ್ಬರು, "ಕೆನ್ನೆ ಮೇಲಿನ ಬಂಗೂ ಇದರಲ್ಲೇ ಹೋಗುತ್ತಲ್ವಾ ಮೇಡಂ?" ಎಂದು ಕೇಳಿದರು. ಚರ್ಮವೈದ್ಯೆಯಾಗಿ ನಾನು ಪದೇ ಪದೇ ಎದುರಿಸುವ ಪ್ರಶ್ನೆಯಿದು. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ನರದ ತುದಿಯಿಂದ ಸ್ನಾಯುವಿಗೆ ಸಂಕೇತ ಒಯ್ಯುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗದಂತೆ ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಬಂಗು ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನಿಂದ. ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ.

ಆದರೆ ನನ್ನನ್ನು ಚಿಂತೆಗೀಡುಮಾಡಿದ್ದು ಅವರ ಚರ್ಮ. ಕೆನ್ನೆಗಳು ತೆಳುವಾಗಿ, ಸೂಕ್ಷ್ಮ ರಕ್ತನಾಳಗಳು ಕೆಂಪಗೆ ಕಾಣುತ್ತಿದ್ದವು. ವಿಚಾರಿಸಿದಾಗ, ಚರ್ಮವನ್ನು ತೆಳುವಾಗಿಸಬಲ್ಲ ಸ್ಟೀರಾಯ್ಡ್, ಬಣ್ಣ ತಿಳಿಗೊಳಿಸುವ ಹೈಡ್ರೋಕ್ವಿನೋನ್ ಮತ್ತು ಚರ್ಮದ ಮೇಲ್ಪದರ ಬೇಗ ಕಳಚುವಂತೆ ಮಾಡುವ ಟ್ರೆಟಿನಾಯಿನ್ ಬೆರೆತ ಕ್ರೀಮನ್ನು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಕೊಂಡು ಎರಡು ವರ್ಷ ಹಚ್ಚಿದ್ದರೆಂದು ತಿಳಿಯಿತು. ಕೆಲವು ವಾರಗಳ ಮಟ್ಟಿಗೆ, ವೈದ್ಯರ ನಿಗಾದಲ್ಲಿ ಬಳಸಬೇಕಾದ ಔಷಧಿಯದು. ಅದನ್ನು ಫೇರ್‌ನೆಸ್ ಕ್ರೀಮಿನಂತೆ ಮಾರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚುಚ್ಚುಮದ್ದನ್ನು ಮುಂದಕ್ಕೆ ಹಾಕಿದೆ. ಕ್ರೀಮ್ ನಿಲ್ಲಿಸಿದ ಮೊದಲ ವಾರಗಳಲ್ಲಿ ಮುಖ ಉರಿದು ಕೆಂಪಾಗಬಹುದು, ಬಂಗು ಇನ್ನಷ್ಟು ಕಪ್ಪಾಗಬಹುದು ಎಂದು ಮೊದಲೇ ಹೇಳಿದ್ದರಿಂದಲೇ ಅವರು ತಾಳಿಕೊಂಡರು. ಆ ಅವಧಿಗೆ ಮೃದುವಾದ ಮಾಯಿಶ್ಚರೈಸರ್, ಉರಿ ಇಳಿದ ಮೇಲೆ ಬಂಗು ತಿಳಿಗೊಳಿಸುವ ಅಜೆಲಾಯಿಕ್ ಆಮ್ಲದ ಲೇಪ ಕೊಟ್ಟೆ. ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಕಂದು ಚರ್ಮದಲ್ಲಿ ಬಂಗನ್ನು ಹೆಚ್ಚಿಸುವುದರಿಂದ, ಆ ಬೆಳಕನ್ನೂ ತಡೆಯುವ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನನ್ನೇ ಬರೆದುಕೊಟ್ಟೆ. ಬೆಳಿಗ್ಗೆ ಹಚ್ಚುತ್ತಿದ್ದರು, ಮಧ್ಯಾಹ್ನ ಮತ್ತೆ ಹಚ್ಚಿಸುವುದು ಮಾತ್ರ ಸುಲಭವಾಗಲಿಲ್ಲ.

ಐದು ತಿಂಗಳ ನಂತರ, ಗರ್ಭಿಣಿಯಲ್ಲ, ನರ-ಸ್ನಾಯುಗಳ ಕಾಯಿಲೆಯಿಲ್ಲ ಎಂದು ಖಚಿತಪಡಿಸಿಕೊಂಡು ಚುಚ್ಚುಮದ್ದು ಕೊಟ್ಟೆ. 100 ಯೂನಿಟ್‌ಗಳ ಸೀಸೆಗೆ 2.5 ಮಿಲಿಲೀಟರ್ ಸಲೈನ್ ಬೆರೆಸಿದರೆ ಪ್ರತಿ 0.1 ಮಿಲಿಲೀಟರಿನಲ್ಲಿ 4 ಯೂನಿಟ್ ಸಿಗುತ್ತದೆ. ಮೂಗಿನ ಬುಡದ ಮೇಲೆ ಒಂದು ಕಡೆ, ಎರಡೂ ಹುಬ್ಬುಗಳ ಬಳಿ ಎರಡೆರಡು ಕಡೆ, ಹೀಗೆ ಐದು ಕಡೆ ತಲಾ 4ರಂತೆ ಒಟ್ಟು 20 ಯೂನಿಟ್. ಔಷಧಿ ಕೆಳಗಿಳಿದರೆ ಕಣ್ಣುರೆಪ್ಪೆ ಜೋತುಬೀಳುವ ಅಪಾಯವಿರುವುದರಿಂದ ಹುಬ್ಬಿನ ಬಳಿಯ ಚುಚ್ಚುಗಳನ್ನು ಕಣ್ಣುಗೂಡಿನ ಎಲುಬಿನ ಅಂಚಿಗಿಂತ ಕನಿಷ್ಠ 1 ಸೆಂಟಿಮೀಟರ್ ಮೇಲೆಯೇ ಇಟ್ಟೆ. ಒಂದು ಕಡೆ ರಕ್ತ ಹೆಪ್ಪುಗಟ್ಟಿ ನೀಲಿಯಾಯಿತು. ಕಲೆ ಉಳಿದೀತೆಂದು ನನಗೆ ಅಳುಕಿತ್ತು, ಹತ್ತು ದಿನಗಳಲ್ಲಿ ಮಾಯವಾಯಿತು.

ಎರಡು ವಾರಗಳ ಬಳಿಕ ಬಂದಾಗ ಗೆರೆಗಳು ಸಡಿಲಗೊಂಡಿದ್ದವು. ಅದು ಮೂರ್ನಾಲ್ಕು ತಿಂಗಳ ಫಲ. ಬಂಗು ಅರ್ಧಕ್ಕರ್ಧ ತಿಳಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ; ಬೇಸಿಗೆಯಲ್ಲಿ ಮರಳಬಹುದೆಂದು ಹೇಳಿ, ಮಾರ್ಚ್ ಮೊದಲ ವಾರಕ್ಕೆ ಮತ್ತೆ ಬರಲು ಬರೆದುಕೊಟ್ಟೆ.