ರಫೇಲ್‌ನ ಎರಡು ರೂಪ: ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವ ಬಗೆ

ಬಳ್ಳಾರಿಯ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನದಲ್ಲಿ ರಫೇಲ್ ಯುದ್ಧವಿಮಾನದ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟಿದ್ದರು. ವಾಯುಪಡೆಯದಕ್ಕೆ ರೆಕ್ಕೆ ನೆಟ್ಟಗಿದ್ದವು. ನೌಕಾಪಡೆಯದಕ್ಕೆ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಮಡಚಿದ್ದರು. ನೌಕೆಯ ಮೇಲೆ ರೆಕ್ಕೆ ಮಡಚಿ ನಿಲ್ಲುವ ಮಿಗ್-29ಕೆ ವಿಮಾನದ ಚಿತ್ರ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜವೇ, ಆದರೆ ರಫೇಲ್‌ನ ಯಾವ ರೂಪದಲ್ಲೂ ರೆಕ್ಕೆ ಮಡಚುವುದಿಲ್ಲ. ವ್ಯತ್ಯಾಸವನ್ನು ತೋರಿಸಬೇಕಾದದ್ದು ಚಕ್ರಗಳನ್ನು ಹೊತ್ತ ಕಾಲುಗಳಲ್ಲಿ.

1:50ರ ಅಳತೆ ಹಿಡಿದರೆ ಎರಡೂ ವಿಮಾನಗಳ ಉದ್ದ ಸುಮಾರು 30.5 ಸೆಂಟಿಮೀಟರ್, ರೆಕ್ಕೆಗಳ ಹರವು ಸುಮಾರು 21.8 ಸೆಂಟಿಮೀಟರ್ ಬರುತ್ತದೆ. ಆದ್ದರಿಂದ ಒಂದೇ ಅಚ್ಚಿನಿಂದ ಎರಡನ್ನೂ ಕತ್ತರಿಸಬಹುದು. ಥರ್ಮಾಕೋಲ್ ಸಾಕು, ಕೊಪ್ಪಳದ ಕಡೆಯವರಿಗೆ ಕಿನ್ನಾಳದ ಗೊಂಬೆಗಳಿಗೆ ಬಳಸುವ ಹಗುರ ಮರದ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಮುಂಗಾಲಿಗೆ ಬನ್ನಿ. ನೌಕಾಪಡೆಯ ರಫೇಲ್-ಎಂ ವಿಮಾನದ ಮುಂಗಾಲು ಹೆಚ್ಚು ಉದ್ದ ಮತ್ತು ದಪ್ಪ. ಫ್ರಾನ್ಸಿನ ವಿಮಾನವಾಹಕ ನೌಕೆ ಚಾರ್ಲ್ಸ್ ಡಿ ಗಾಲ್‌ನಲ್ಲಿ ಉಗಿಯ ಕ್ಯಾಟಪಲ್ಟ್ ಆ ಕಾಲನ್ನೇ ಹಿಡಿದೆಳೆದು ವಿಮಾನವನ್ನು ಮುಂದಕ್ಕೆ ಚಿಮ್ಮಿಸುತ್ತದೆ, ಎಳೆತ ಮುಗಿದೊಡನೆ ಒಳಗೆ ಅದುಮಿಕೊಂಡಿದ್ದ ಕಾಲು ಚಾಚಿಕೊಂಡು ಮೂತಿಯನ್ನು ಎತ್ತುತ್ತದೆ. ಬಾಲ್‌ಪೆನ್ನಿನ ರೀಫಿಲ್ ತುಂಡಿನೊಳಗೆ ಸಣ್ಣ ಸ್ಪ್ರಿಂಗ್ ಇಟ್ಟು, ಅದರ ಮೇಲೆ ಸೈಕಲ್ ಕಡ್ಡಿಯ ತುಂಡನ್ನು ಕೂರಿಸಿದರೆ ಈ ಆಟವನ್ನು ಬೆರಳಿನಿಂದ ಒತ್ತಿಯೇ ತೋರಿಸಬಹುದು. ನಿಲ್ಲಿಸಿದಾಗ ಮೂತಿ ತುಸು ಮೇಲಕ್ಕೆದ್ದಿರಬೇಕು. ವಾಯುಪಡೆಯ ಮಾದರಿ ಹೆಚ್ಚುಕಡಿಮೆ ಮಟ್ಟಸವಾಗಿ ನಿಲ್ಲಬೇಕು. ರಫೇಲ್-ಎಂ ಮಾದರಿಯ ಹಿಂಗಾಲುಗಳನ್ನೂ ದಪ್ಪ ಮಾಡಿ. ನೆಲದ ರನ್‌ವೇಯಲ್ಲಿ ಪೈಲಟ್ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಮೆಲ್ಲಗೆ ಇಳಿಸುತ್ತಾನೆ; ನೌಕೆಯ ಮೇಲೆ ಅದಕ್ಕೆ ಜಾಗವಿಲ್ಲದೆ ವಿಮಾನ ಅದೇ ಓರೆಯಲ್ಲಿ ಬಂದು ಬಡಿಯುತ್ತದೆ. ಆ ಹೊಡೆತ ತಡೆಯಲು ಸೇರಿಸಿದ ಬಲದಿಂದಲೇ ರಫೇಲ್-ಎಂ ನೂರಾರು ಕಿಲೋ ಹೆಚ್ಚು ತೂಗುತ್ತದೆ.

ಇಳಿಯುವಾಗ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿ ವಿಮಾನವನ್ನು ನಿಲ್ಲಿಸುವ, ಬಾಲದ ಕೆಳಗಿನ ಕೊಕ್ಕೆಯ ವಿಷಯದಲ್ಲಿ ಎಚ್ಚರವಿರಲಿ. ವಾಯುಪಡೆಯ ರಫೇಲ್‌ಗೂ ತುರ್ತು ಸಮಯಕ್ಕೆಂದು ಹಗುರವಾದ ಕೊಕ್ಕೆ ಇರುತ್ತದೆ. ಕೊಕ್ಕೆ ಕಂಡದ್ದೆಲ್ಲ ನೌಕಾಪಡೆಯದಲ್ಲ. ರಫೇಲ್-ಎಂ ಮಾದರಿಗೆ ದಪ್ಪ ತಂತಿಯ ಕೊಕ್ಕೆಯನ್ನೇ ಹಾಕಿ.

ನೌಕೆಯನ್ನೂ ಮಾಡುವ ಆಸೆಯಿದ್ದರೆ ಮೊದಲು ಗೋಡೆ ಅಳೆಯಿರಿ: ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ 262 ಮೀಟರ್ ಉದ್ದವಿದೆ, ಇದೇ ಅಳತೆಯಲ್ಲಿ ಐದೂ ಕಾಲು ಮೀಟರ್ ಆಗುತ್ತದೆ. ಮುಂದಿನ ಏರು ಭಾಗವೊಂದನ್ನೇ ಮಾಡುವುದು ಮೇಲು. ನಮ್ಮ ನೌಕೆಗಳಲ್ಲಿ ಕ್ಯಾಟಪಲ್ಟ್ ಇಲ್ಲ, ವಿಮಾನ ತನ್ನ ಎಂಜಿನ್ನಿನ ಬಲದಿಂದಲೇ ಓಡಿ ಈ ಸ್ಕೀ-ಜಂಪ್ ಏರಿ ಹಾರುತ್ತದೆ. 2022ರ ಜನವರಿಯಲ್ಲಿ ಗೋವಾದ ಐಎನ್‌ಎಸ್ ಹಂಸ ನೆಲೆಯಲ್ಲಿ, ನೆಲದ ಮೇಲೆ ಕಟ್ಟಿದ ಅಂಥ ಏರಿನಿಂದ ರಫೇಲ್-ಎಂ ಹಾರಿ ತೋರಿಸಿತ್ತು.

ಚೀಟಿ ಬರೆಯುವಾಗ ವಾಯುಪಡೆಗೆ 2016ರ ಒಪ್ಪಂದದ 36 ಎಂದೂ ನೌಕಾಪಡೆಗೆ 2025ರ ಏಪ್ರಿಲ್‌ನ ಒಪ್ಪಂದದ 26 ಎಂದೂ ನಮೂದಿಸಿ. ಆ 26ರಲ್ಲಿ 4 ಎರಡು ಆಸನದವು, ನೆಲದ ಮೇಲಿನ ತರಬೇತಿಗೆ ಮೀಸಲು. ಆದ್ದರಿಂದ ನೌಕೆಯ ಮೇಲೆ ನಿಲ್ಲಿಸುವ ಮಾದರಿಯಲ್ಲಿ ಒಬ್ಬ ಪೈಲಟ್‌ನನ್ನು ಮಾತ್ರ ಕೂರಿಸಿ.