ತಾಲ್ಲೂಕು ಆಸ್ಪತ್ರೆಯಿಂದ ಕೇಸ್ ರಿಪೋರ್ಟ್: ಒಂದ್ರೂಪಾಯಿ ಎಪಿಸಿ (ಜರ್ನಲ್ ಲೇಖಕರಿಂದ ತಗೊಳ್ಳೋ ಫೀ) ಕಟ್ಟದೆ ಪಬ್ಲಿಷ್ ಮಾಡಿದ ನನ್ನ ಅನುಭವ

ಕೇಸ್ ರಿಪೋರ್ಟ್, ಅಂದ್ರೆ ಒಬ್ಬ ಪೇಷಂಟ್ ಬಗ್ಗೆ ಜರ್ನಲ್ ಪೇಪರ್, ಬರೀತೀನಿ ಅಂದಾಗ ಎಲ್ಲರೂ ಹೇಳಿದ್ದು ಒಂದೇ, 'ಅದು ಪ್ರಮೋಷನ್‌ಗೆ ಬರಲ್ಲ, ಯಾಕೆ ಟೈಮ್ ವೇಸ್ಟ್ ಮಾಡ್ತೀರಾ ಡಾಕ್ಟ್ರೇ'. ಮೆಡಿಕಲ್ ಕಾಲೇಜುಗಳಿಗೆ ರೂಲ್ಸ್ ಮಾಡೋ ಎನ್‌ಎಂಸಿಯ 2022ರ ರೂಲ್ಸ್ ಪ್ರಕಾರ ಅದು ನಿಜಾನೇ ಆಗಿತ್ತು, ಒರಿಜಿನಲ್ ಪೇಪರ್, ಮೆಟಾ ಅನಾಲಿಸಿಸ್, ಸಿಸ್ಟಮ್ಯಾಟಿಕ್ ರಿವ್ಯೂ, ಕೇಸ್ ಸೀರೀಸ್ (ಒಂದೇ ಥರದ ಹಲವು ಕೇಸ್ ಸೇರಿಸಿ ಬರೆದದ್ದು) ಇಷ್ಟೇ ಲೆಕ್ಕಕ್ಕೆ ಬರ್ತಿದ್ದದ್ದು. ಎರಡನೇ ಮಾತು, 'ತಾಲ್ಲೂಕು ಆಸ್ಪತ್ರೆ ಅಡ್ರೆಸ್ ನೋಡಿದ್ರೆ ಎಡಿಟರ್ ಓದೋದೇ ಇಲ್ಲ, ದುಡ್ಡು ಕಟ್ಟೋ ಜರ್ನಲ್‌ಗೆ ಹಾಕಿ ಮುಗಿಸಿ'. ಈ ಎರಡನೇ ಮಾತು ಸುಳ್ಳು ಅಂತ ಈಗ ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಪೇಪರ್ ಪಬ್‌ಮೆಡ್‌ನಲ್ಲಿದೆ (ವೈದ್ಯಕೀಯ ಪೇಪರ್‌ಗಳನ್ನ ಹುಡುಕೋ ಆನ್‌ಲೈನ್ ಪಟ್ಟಿ), ಎಪಿಸಿ ಅಂತ ಒಂದು ಪೈಸೆ ಹೋಗಿಲ್ಲ.

ಕೇಸ್ ಏನು ಅಂತ ಚಿಕ್ಕದಾಗಿ ಹೇಳ್ಬಿಡ್ತೀನಿ. ಮಲೆನಾಡಿನ ತೋಟದ ಕೆಲಸದವರು, ಕಾಲಿಗೆ ಹಾವು ಕಚ್ಚಿ ಬಂದ್ರು, ರಕ್ತನ ಟ್ಯೂಬಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೆಪ್ಪುಗಟ್ಟತ್ತಾ ಅಂತ ನೋಡೋ ಟ್ವೆಂಟಿ ಮಿನಿಟ್ ಟೆಸ್ಟಲ್ಲಿ ಕ್ಲಾಟ್ ಆಗ್ಲಿಲ್ಲ, ಕಚ್ಚಿದ ಜಾಗ ಊದಿತ್ತು, ಸಹಜವಾಗಿ ಕೊಳಕುಮಂಡಲ ಅಂತ ತಗೊಂಡು ಹತ್ತು ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಕೊಡೋ ಮದ್ದು), ಆರು ಗಂಟೆ ಬಿಟ್ಟು ಮತ್ತೆ ಹತ್ತು. ಆಗಲೂ ಕ್ಲಾಟ್ ಇಲ್ಲ, ಯೂರಿನ್ ಕಮ್ಮಿ ಆಗ್ತಾ ಬಂತು. ಅಷ್ಟೊತ್ತಿಗೆ ಮನೆಯವರು ಮೊಬೈಲಲ್ಲಿ ಹಾವಿನ ಫೋಟೋ ತೋರಿಸಿದ್ರು. ನೋಡಿದ್ರೆ ಹಂಪ್ ನೋಸ್ಡ್ ಪಿಟ್ ವೈಪರ್, ವೈಜ್ಞಾನಿಕ ಹೆಸರು ಹಿಪ್ನೇಲ್ ಹಿಪ್ನೇಲ್. ನಮ್ಮ ದೇಶದ ಪಾಲಿವೇಲೆಂಟ್ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ ತಯಾರಾಗೋದು, ಇದಕ್ಕೆ ಅದರಿಂದ ಉಪಯೋಗ ಇಲ್ಲ. ಡಯಾಲಿಸಿಸ್‌ಗೆ ದೊಡ್ಡಾಸ್ಪತ್ರೆಗೆ ಕಳಿಸಿದ್ವಿ, ಕಿಡ್ನಿ ಸ್ಥಿತಿ ಹೇಳೋ ಕ್ರಿಯಾಟಿನಿನ್ ಆರರ ಹತ್ರ ಹೋಗಿ ಇಳೀತು, ಹೆಚ್ಚುಕಮ್ಮಿ ಮೂರು ವಾರಕ್ಕೆ ಮನೆಗೆ ಹೋದ್ರು. ವಯಸ್ಸು ಊರು ಹೇಳಲ್ಲ, ಕಾರಣ ನಿಮಗೇ ಗೊತ್ತು.

ಮೊದಲ ಡ್ರಾಫ್ಟ್ ಪಿಜಿಯಲ್ಲಿ ಹೇಳಿಕೊಟ್ಟಿರೋ ರೀತೀಲೇ ಇತ್ತು. ಭಾರತದಲ್ಲಿ ಹಾವು ಕಡಿತ ಬಹಳ ಸಾಮಾನ್ಯ ಅಂತ ಶುರು, ಡಬ್ಲ್ಯೂಎಚ್‌ಒ 2017ರಲ್ಲಿ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸ್ ಪಟ್ಟಿಗೆ ಸೇರಿಸ್ತು, 2024ರಲ್ಲಿ ಕರ್ನಾಟಕ ನೋಟಿಫೈಯಬಲ್ (ಸರ್ಕಾರಕ್ಕೆ ವರದಿ ಮಾಡಲೇಬೇಕು) ಮಾಡ್ತು, ಆಮೇಲೆ ವಿಷದ ಬಗ್ಗೆ ಎರಡು ಪುಟ, ಕೊನೆಗೆ ಕೇಸ್. ಈ ರೂಪದಲ್ಲಿ ಹೋದ ಕಡೆಯಿಂದೆಲ್ಲ ವಾಪಸ್ ಬಂತು, ಎರಡು ಕಡೆ ಬೇರೆ ತಜ್ಞರು ಓದಿ ನೋಡೋ ರಿವ್ಯೂಗೂ ಹೋಗದೆ ಎಡಿಟರ್ ಟೇಬಲಿಂದಲೇ. ಒಂದು ಕಡೆಯಿಂದ ಬಂದ ಉತ್ತರ ಎರಡೇ ಸಾಲು, ಗೊತ್ತಿರೋದಕ್ಕಿಂತ ಹೊಸದೇನೂ ಇಲ್ಲ ಅಂತ. ನಮ್ಮ ಹಿರಿಯರೊಬ್ಬರು 'ನಾನು ಹೇಳಿರ್ಲಿಲ್ವಾ' ಅಂದ್ರು.

ನಾನು ಬದಲಾಯಿಸಿದ್ದು ಬರೆಯೋ ಕ್ರಮ. ಉಲ್ಟಾ ಬರೆದೆ. ಮೊದಲು ಟೈಮ್‌ಲೈನ್ ಟೇಬಲ್, ಆಮೇಲೆ ಫೋಟೋ, ಆಮೇಲೆ ಕೇಸ್, ಆಮೇಲೆ ಡಿಸ್ಕಷನ್, ಇಂಟ್ರೊಡಕ್ಷನ್ ಕೊನೇಗೆ, ಟೈಟಲ್ ಮತ್ತು ಅಬ್‌ಸ್ಟ್ರಾಕ್ಟ್ ಎಲ್ಲಕ್ಕಿಂತ ಕೊನೇಗೆ. ಕೇಸ್ ರಿಪೋರ್ಟಲ್ಲಿ ಏನೇನಿರಬೇಕು ಅಂತ ಹೇಳೋ ಕೇರ್ ಗೈಡ್‌ಲೈನ್ 2013ರಲ್ಲೇ ಬಂದಿದೆ, 13 ಐಟಂ ಚೆಕ್‌ಲಿಸ್ಟ್, ಎಲ್ಲರ ಹತ್ರಾನೂ ಇದೆ, ಆದ್ರೆ ಎಲ್ಲರೂ ಅದನ್ನ ಸಬ್‌ಮಿಷನ್ ದಿನ ಪೇಜ್ ನಂಬರ್ ತುಂಬೋ ಫಾರ್ಮ್ ಅಂತ ನೋಡ್ತಾರೆ. ಅದನ್ನ ಬರೆಯೋಕೆ ಮುಂಚೆ ಎದುರಿಗಿಟ್ಕೊಂಡ್ರೆ ಕೇಸ್ ಶೀಟಲ್ಲಿ ಏನೇನು ಇಲ್ಲ ಅಂತ ಆವತ್ತೇ ಗೊತ್ತಾಗತ್ತೆ, ಪೇಷಂಟ್ ಇನ್ನೂ ಫಾಲೋಅಪ್‌ಗೆ ಬರ್ತಿರುವಾಗಲೇ ಕೇಳಿ ತುಂಬಿಸಬಹುದು.

ಟೈಮ್‌ಲೈನ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಪೇಪರ್ ಗೆದ್ದಿದ್ದೇ ಅದರಿಂದ. ತಾರೀಕು ಹಾಕ್ಲಿಲ್ಲ. ಕಚ್ಚಿದ ಕ್ಷಣ ಸೊನ್ನೆ ಗಂಟೆ, ಅಲ್ಲಿಂದ ಮುಂದಕ್ಕೆ ಎರಡನೇ ಗಂಟೆ, ಎಂಟನೇ ಗಂಟೆ, ಇಪ್ಪತ್ತನೇ ಗಂಟೆ ಅಂತ. ಇದರಿಂದ ಪೇಷಂಟ್ ಗುರುತೂ ಸಿಗಲ್ಲ, ಓದೋನಿಗೂ ಎಎಸ್‌ವಿ ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಏನಾಯ್ತು ಅಂತ ಕಣ್ಣಿಗೆ ಕಟ್ಟತ್ತೆ. ಈ ಟೈಮ್‌ಗಳೆಲ್ಲ ಡಾಕ್ಟರ್ ನೋಟ್ಸಲ್ಲಿ ಸಿಗಲ್ಲ. ನಾವು 'ಅಡ್ವೈಸ್ ರಿಪೀಟ್ ಕ್ಲಾಟಿಂಗ್ ಟೆಸ್ಟ್' ಅಂತ ಬರೆದು ಹೋಗಿರ್ತೀವಿ, ಟ್ಯೂಬ್ ಎಷ್ಟೊತ್ತಿಗೆ ಇಟ್ರು, ಎಷ್ಟೊತ್ತಿಗೆ ಬಗ್ಗಿಸಿ ನೋಡಿದ್ರು, ಯೂರಿನ್ ಎಷ್ಟು ಎಂಎಲ್ ಬಂತು ಅಂತ ಬರೆದಿರೋದು ಸಿಸ್ಟರ್. ನೈಟ್ ಡ್ಯೂಟಿ ಸಿಸ್ಟರ್ ಬರೆದ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಮುಂದಿಟ್ಕೊಂಡು, ಅವರನ್ನೇ ಪಕ್ಕದಲ್ಲಿ ಕೂರಿಸ್ಕೊಂಡು ಟೇಬಲ್ ತುಂಬಿದೆ. ಅವರ ಹೆಸರು ಅಕ್ನಾಲೆಜ್‌ಮೆಂಟಲ್ಲಿ ಹಾಕ್ದೆ, ಅವರಿಗೆ ಪ್ರಿಂಟ್ ಕೊಟ್ಟಾಗ ಲ್ಯಾಮಿನೇಟ್ ಮಾಡಿಸಿ ಇಟ್ಕೊಂಡಿದಾರೆ.

ಟ್ಯೂಬ್ ಅಂದಾಗ ನೆನಪಾಯ್ತು, ರಿವ್ಯೂವರ್ ಕೇಳಿದ ಮೊದಲ ಪ್ರಶ್ನೆಯೇ ಅದು, ಗಾಜಿನ ಟ್ಯೂಬಾ ಪ್ಲಾಸ್ಟಿಕ್ಕಾ, ಹೊಸದಾ ತೊಳೆದದ್ದಾ. ಪ್ಲಾಸ್ಟಿಕಲ್ಲಿ, ಇಲ್ಲಾ ಡಿಟರ್ಜೆಂಟಲ್ಲಿ ತೊಳೆದ ಗಾಜಲ್ಲಿ, ಕ್ಲಾಟ್ ಆಗೋ ರಕ್ತಾನೂ ಕ್ಲಾಟ್ ಆಗ್ದೇ ಇರಬಹುದು, ಆಗ ಇಡೀ ಕೇಸೇ ಬಿದ್ದುಹೋಗತ್ತೆ. ನಮ್ಮಲ್ಲಿ ಹೊಸ ಒಣ ಗಾಜಿನ ಟ್ಯೂಬೇ ಇಡ್ತೀವಿ, ಜೊತೆಗೆ ಪಕ್ಕದಲ್ಲೇ ಹೋಲಿಸಿ ನೋಡೋಕೆ ಅಟೆಂಡರ್ ರಕ್ತದ ಕಂಟ್ರೋಲ್ ಟ್ಯೂಬ್ ಇಟ್ಟಿದ್ದು ಚಾರ್ಟಲ್ಲಿತ್ತು. ಅದನ್ನ ಒಂದು ವಾಕ್ಯದಲ್ಲಿ ಸೇರಿಸಿದ ಕೂಡ್ಲೇ ಆ ರಿವ್ಯೂವರ್ ಸುಮ್ಮನಾದ್ರು. ಹಾವು ಕಡಿತದ ಬಗ್ಗೆ ಬರೆಯೋರು ಇದನ್ನ ಕೇಳೋ ಮುಂಚೇನೇ ಬರೀರಿ.

ಎರಡನೇ ಪ್ರಶ್ನೆ, ಹಾವು ಅದೇ ಅಂತ ಹೇಗೆ ಹೇಳ್ತೀರಾ. ನ್ಯಾಯವಾದ ಪ್ರಶ್ನೆ, ಯಾಕಂದ್ರೆ ಕೇರಳದಿಂದ 2007ರಲ್ಲಿ ಬಂದ ರಿಪೋರ್ಟಲ್ಲೇ ಇದನ್ನ ಗರಗಸಮಂಡಲ ಅಂತ ತಪ್ಪು ತಿಳಿಯೋದರ ಬಗ್ಗೆ ಇದೆ. ನಮ್ಮ ಹತ್ರ ಇದ್ದಿದ್ದು ವಾಟ್ಸಾಪಲ್ಲಿ ಬಂದ ಫೋಟೋ, ಜೂಮ್ ಮಾಡಿದ್ರೆ ಬರೀ ಚೌಕಚೌಕ. ವಾಟ್ಸಾಪ್ ಫೋಟೋನ ಕುಗ್ಗಿಸಿಬಿಡತ್ತೆ, ಜರ್ನಲ್ ಕೇಳೋದು 300 ಡಿಪಿಐ. ಪೇಷಂಟ್ ಮಗನಿಗೆ ಫೋನ್ ಮಾಡಿ ಅದೇ ಫೋಟೋನ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ ಕಳಿಸಪ್ಪ ಅಂದೆ, ಒರಿಜಿನಲ್ ಫೈಲ್ ಬಂತು, ಕಣ್ಣು ಮೂಗಿನ ನಡುವಿನ ಗುಳಿ, ಮೇಲಕ್ಕೆ ಎತ್ತಿದ ಮೂತಿ, ನೆತ್ತಿ ಮೇಲಿನ ದೊಡ್ಡ ಹುರುಪೆ ಎಲ್ಲ ಸ್ಪಷ್ಟ. ಕೊಳಕುಮಂಡಲಕ್ಕೆ ನೆತ್ತಿ ಮೇಲೆ ಸಣ್ಣ ಹುರುಪೆ, ಗುಳಿ ಇರಲ್ಲ, ಇದೊಂದು ಫೋಟೋದಲ್ಲೇ ಜಗಳ ಮುಗೀತು. ಉರಗ ತಜ್ಞರೊಬ್ಬರಿಗೆ ಕಳಿಸಿ ಲಿಖಿತವಾಗಿ ಗುರುತು ಪಡೆದು ಅವರನ್ನೂ ಪೇಪರಲ್ಲಿ ಸೇರಿಸ್ದೆ. ಒರಿಜಿನಲ್ ಫೈಲ್ ಒಳಗೆ ಜಿಪಿಎಸ್ ಲೊಕೇಷನ್ ಇರಬಹುದು, ಅಪ್‌ಲೋಡ್ ಮಾಡೋ ಮುಂಚೆ ತೆಗೀಬೇಕು, ಇಲ್ಲಾಂದ್ರೆ ಪೇಷಂಟ್ ಮನೆ ಅಂಗಳದ ವಿಳಾಸಾನೇ ಕಳಿಸಿದ ಹಾಗೆ. ಕಾಲಿನ ಫೋಟೋದಲ್ಲಿ ಹಚ್ಚೆ, ಕಾಲ್ಗೆಜ್ಜೆ ಇದ್ರೆ ಕ್ರಾಪ್ ಮಾಡಿ. ಮುಖದ ಫೋಟೋಗೆ ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದ್ರೆ ಸಾಲಲ್ಲ ಅಂತ ಮೆಡಿಕಲ್ ಜರ್ನಲ್ ಎಡಿಟರ್‌ಗಳ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ ಸ್ಪಷ್ಟವಾಗಿ ಹೇಳಿದೆ, ಆದ್ರೂ ಇನ್ನೂ ನಮ್ಮವರು ಅದನ್ನೇ ಮಾಡ್ತಾರೆ. ಮತ್ತೆ ದಯವಿಟ್ಟು ಫೋಟೋಗೋಸ್ಕರ ಹಾವು ಹಿಡ್ಕೊಂಡು ಬನ್ನಿ ಅಂತ ಯಾರಿಗೂ ಹೇಳ್ಬೇಡಿ, ದೂರದಿಂದ ತೆಗೆದದ್ದೇ ಸಾಕು.

ಕನ್ಸೆಂಟ್. ಜರ್ನಲ್‌ನ ಫಾರ್ಮ್ ಇಂಗ್ಲಿಷಲ್ಲಿರತ್ತೆ, ಪೇಷಂಟ್‌ಗೆ ಇಂಗ್ಲಿಷ್ ಬರಲ್ಲ. ನಾನು ಕನ್ನಡದಲ್ಲಿ ಒಂದು ಪುಟ ಬರೆದು, ಓದಿ ಹೇಳಿ, ಇದು ಇಂಟರ್‌ನೆಟ್ಟಲ್ಲಿ ಎಲ್ಲರಿಗೂ ಕಾಣತ್ತೆ, ಹೆಸರು ಇರಲ್ಲ ಆದ್ರೆ ಊರಿನವರು ಯಾರಾದ್ರೂ ಊಹೆ ಮಾಡಬಹುದು ಅಂತ ಬಿಡಿಸಿ ಹೇಳಿ, ಹೆಬ್ಬೆಟ್ಟು ಮತ್ತು ಸಾಕ್ಷಿ ಸಹಿ ತಗೊಂಡು, ಇಂಗ್ಲಿಷ್ ಫಾರ್ಮ್ ಜೊತೆ ಎರಡನ್ನೂ ಸೇರಿಸಿ ಇಟ್ಟೆ. ಡಿಸ್ಚಾರ್ಜ್ ದಿನವೇ ತಗೊಳ್ಳಿ. ಮಳೆಗಾಲ ಶುರುವಾದ್ರೆ ಅವರು ಯಾವ ತೋಟದಲ್ಲಿರ್ತಾರೋ, ಫೋನ್ ನೆಟ್‌ವರ್ಕ್ ಇರತ್ತೋ ಇಲ್ವೋ. ನಮ್ಮಲ್ಲಿ ಎಥಿಕ್ಸ್ ಕಮಿಟಿ ಇಲ್ಲ, ಡಯಾಲಿಸಿಸ್ ಮಾಡಿದ ಕಾಲೇಜಿನ ಕಮಿಟಿಯಿಂದ ಒಂದು ವೇವರ್ ಪತ್ರ (ಕಮಿಟಿ ಪರಿಶೀಲನೆ ಬೇಕಿಲ್ಲ ಅಂತ) ತರಿಸ್ದೆ, ಅದಕ್ಕೆ ತಗೊಂಡ ಸಮಯ ಪೇಪರ್ ಬರೆದ ಸಮಯಕ್ಕಿಂತ ಜಾಸ್ತಿ.

ಕೇರ್ ಲಿಸ್ಟಲ್ಲಿ ಪೇಷಂಟ್ ಪರ್ಸ್ಪೆಕ್ಟಿವ್ (ಪೇಷಂಟ್ ಮಾತಲ್ಲೇ ಅನುಭವ) ಅಂತ ಒಂದಿದೆ, ಹೆಚ್ಚಿನವರು 'ನಾಟ್ ಅಪ್ಲಿಕಬಲ್' ಅಂತ ಹಾಕಿ ಮುಂದೆ ಹೋಗ್ತಾರೆ. ನಾನು ಪೇಷಂಟನ್ನೇ ಕೇಳಿ ಬರ್ಕೊಂಡೆ. ಅವರು ಹೇಳಿದ್ದು: 'ಒಂದು ಗೇಣಿಗಿಂತ ಸ್ವಲ್ಪ ಉದ್ದ ಇತ್ತು ಹಾವು, ಇದೇನ್ ಮಾಡತ್ತೆ ಅಂತ ಕಟ್ಟಿಗೆ ಹೊರೆ ಇಳಿಸಿ ಬಂದೇ ಆಸ್ಪತ್ರೆಗೆ ಹೊರಟಿದ್ದು.' ಇಂಗ್ಲಿಷಿಗೆ ಹಾಕಿ ಹಾಗೇ ಕಳಿಸ್ದೆ. ಇಬ್ಬರು ರಿವ್ಯೂವರಲ್ಲಿ ಒಬ್ಬರು ಪೇಪರಿನ ಅತ್ಯಂತ ಉಪಯುಕ್ತ ಭಾಗ ಇದೇ ಅಂತ ಬರೆದಿದ್ರು, ಯಾಕಂದ್ರೆ ಹಾವು ಸಣ್ಣದು ಅಂತ ತಡ ಮಾಡೋದೇ ಇಲ್ಲಿನ ನಿಜವಾದ ಸಮಸ್ಯೆ.

ಡಿಸ್ಕಷನ್‌ಗೆ ಒಂದೇ ಪ್ರಶ್ನೆ ಇಟ್ಕೊಂಡೆ. ಇಪ್ಪತ್ತು ವಯಲ್ ಹೋದ ಮೇಲೂ ಕ್ಲಾಟ್ ಆಗ್ತಿಲ್ಲ ಅಂದ್ರೆ ಇನ್ನೂ ಹತ್ತು ಹಾಕೋದಾ, ಇಲ್ಲಾ ಹಾವು ಯಾವುದು ಅಂತ ಮತ್ತೆ ಕೇಳೋದಾ? ನಾಳೆ ನೈಟ್ ಡ್ಯೂಟಿಯಲ್ಲಿರೋ ಎಂಬಿಬಿಎಸ್ ಡಾಕ್ಟರ್ ಇದನ್ನ ಓದಿ ಬೇರೆ ಥರ ಏನು ಮಾಡ್ತಾರೆ, ಅದಕ್ಕೆ ಸಂಬಂಧ ಇಲ್ಲದ ಸಾಲೆಲ್ಲ ತೆಗೆದೆ. ವಿಷದ ಎರಡು ಪುಟ ನಾಲ್ಕು ಸಾಲಾಯ್ತು. ಮೂರು ಸಾವಿರ ಪದದ ಹತ್ರ ಇದ್ದದ್ದು ಸಾವಿರದ ಇನ್ನೂರೋ ಮುನ್ನೂರೋ ಪದಕ್ಕೆ ಇಳೀತು. ರೆಫರೆನ್ಸ್ ಹದಿನೈದರ ಒಳಗೆ, ಅದರಲ್ಲಿ ಅರ್ಧ ಶ್ರೀಲಂಕಾದ್ದು, ಅಲ್ಲಿ ಈ ಹಾವಿನ ಕಡಿತ ಬಹಳ, ಹಾಗಾಗಿ ಕೆಲಸವೂ ಅಲ್ಲೇ ಜಾಸ್ತಿ ಆಗಿದೆ. ಸಜೆಸ್ಟೆಡ್ ರಿವ್ಯೂವರ್ ಕಾಲಂ ಹೇಗೆ ತುಂಬಿದೆ, ಕವರ್ ಲೆಟರಿನ ಮೊದಲ ಸಾಲು ಏನು ಅನ್ನೋದನ್ನ ಸದ್ಯಕ್ಕೆ ನನ್ನ ಹತ್ರಾನೇ ಇಟ್ಕೊಳ್ತೀನಿ, ಮುಂದಿನ ಪೇಪರ್ ಹೋಗ್ಲಿ.

ನಡುವೆ ಒಂದು ಪ್ರಯೋಗ ಮಾಡ್ದೆ. ಎಐ ಚಾಟ್‌ಬಾಟ್‌ಗೆ ಈ ಹಾವಿನ ಬಗ್ಗೆ ರೆಫರೆನ್ಸ್ ಕೊಡು ಅಂದೆ, ಹತ್ತು ಕೊಡ್ತು, ಪಬ್‌ಮೆಡ್‌ನಲ್ಲಿ ಒಂದೊಂದಾಗಿ ಹುಡುಕಿದ್ರೆ ಹೆಚ್ಚುಕಮ್ಮಿ ಅರ್ಧ ಪೇಪರ್‌ಗಳು ಇಲ್ಲವೇ ಇಲ್ಲ, ಲೇಖಕರ ಹೆಸರು ನಿಜ, ಜರ್ನಲ್ ನಿಜ, ಪೇಪರ್ ಮಾತ್ರ ಹುಟ್ಟೇ ಇಲ್ಲ. ಗ್ರಾಮರ್ ತಿದ್ದೋಕೆ ಬಳಸ್ದೆ, ಅದನ್ನ ಡಿಕ್ಲೇರ್ ಮಾಡ್ದೆ, ಯಾರೂ ಏನೂ ಅನ್ಲಿಲ್ಲ. ಕ್ರಿಯಾಟಿನಿನ್‌ಗೆ ಎಕ್ಸೆಲ್ ಗ್ರಾಫ್ ಮಾಡಿ ನೋಡ್ದೆ, ಚಂದ ಕಾಣ್ತು ಆದ್ರೆ ಟೇಬಲ್‌ನಲ್ಲಿ ಇಲ್ಲದ್ದು ಅದರಲ್ಲೇನೂ ಇರ್ಲಿಲ್ಲ, ಬಿಟ್ಟೆ. ರೆಫರೆನ್ಸ್ ಜೋಡಿಸೋಕೆ ಝೊಟೆರೊ ಅನ್ನೋ ಸಾಫ್ಟ್‌ವೇರ್ ಹಾಕಿದ್ಮೇಲೆ ವಾಪಸ್ ನೋಡಿಲ್ಲ, ಫ್ರೀ, ರಿಜೆಕ್ಟ್ ಆದಾಗ ಮುಂದಿನ ಜರ್ನಲ್ ಸ್ಟೈಲ್‌ಗೆ ಒಂದೇ ಕ್ಲಿಕ್.

ದುಡ್ಡಿನ ಲೆಕ್ಕ. ಓಪನ್ ಆಕ್ಸೆಸ್ (ಯಾರು ಬೇಕಾದ್ರೂ ಫ್ರೀಯಾಗಿ ಓದಬಹುದಾದ) ಜರ್ನಲ್ ಒಂದರಲ್ಲಿ ಎಪಿಸಿ ನೋಡಿದ್ರೆ ರೂಪಾಯಿಗೆ ಲಕ್ಷ ದಾಟ್ತಿತ್ತು. ಫೀ ಮಾಫಿ ಮಾಡೋ ವೇವರ್ ಕೇಳಬಹುದಲ್ಲ ಅಂತೀರಾ, ಕೆಲವು ದೊಡ್ಡ ಪ್ರಕಾಶಕರು ದೇಶದ ಒಟ್ಟು ಜಿಡಿಪಿನೂ ನೋಡ್ತಾರೆ, ಭಾರತ ದೊಡ್ಡ ದೇಶ ಅಂತ ಲಿಸ್ಟಿಂದ ಹೊರಗೆ, ತಾಲ್ಲೂಕು ಆಸ್ಪತ್ರೆ ಡಾಕ್ಟರ್ ಸಂಬಳ ಯಾರು ನೋಡ್ತಾರೆ. ದಿನಾ ಮೇಲ್ ಕಳಿಸೋ ಥರದ ಒಂದು ಜರ್ನಲ್ ಹತ್ತು ಹನ್ನೆರಡು ಸಾವಿರ ಕಟ್ಟಿದ್ರೆ ವಾರದೊಳಗೆ ಅಕ್ಸೆಪ್ಟೆನ್ಸ್ ಅಂತು. ರಿವ್ಯೂ ಯಾವಾಗ ಮಾಡ್ತೀರಿ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಲಾಂಗ್ವೇಜ್ ಎಡಿಟಿಂಗ್‌ಗೆ ಒಬ್ಬರು ಹದಿನೈದು ಸಾವಿರ ಹೇಳಿದ್ರು, ಬೇಡ ಅಂದೆ. ಲೇಖಕರಿಂದ ದುಡ್ಡು ತಗೊಳ್ಳದೆ ಚಂದಾದಾರರಿಂದ ನಡೆಯೋ ಜರ್ನಲ್‌ಗಳು ಇನ್ನೂ ಇವೆ, ಹುಡುಕಬೇಕು, ಸಬ್‌ಮಿಷನ್ ಪೇಜಲ್ಲಿ ಓಪನ್ ಆಕ್ಸೆಸ್ ಬೇಕಾ ಅಂತ ಕೇಳೋ ಕಡೆ ಬೇಡ ಅಂತ ಒತ್ತಬೇಕು ಅಷ್ಟೆ. ನನ್ನ ಒಟ್ಟು ಖರ್ಚು ಸಿಮಿಲಾರಿಟಿ ರಿಪೋರ್ಟ್ (ಕಾಪಿ ಮಾಡಿದೀವಾ ಅಂತ ನೋಡೋದು), ಪ್ರಿಂಟು, ವೇವರ್ ಪತ್ರಕ್ಕೆ ಓಡಾಡಿದ ಪೆಟ್ರೋಲು ಸೇರಿ ಎರಡೂವರೆ ಮೂರು ಸಾವಿರ ಇರಬಹುದು.

ಆಥರ್ ಲಿಸ್ಟ್ ವಿಷಯದಲ್ಲಿ ಒಂದು ಕಡೆಯಿಂದ ಒತ್ತಡ ಬಂತು, ಪೇಷಂಟನ್ನ ನೋಡದೇ ಇದ್ದವರ ಹೆಸರು ಹಾಕಿ ಅಂತ. ಯಾರನ್ನ ಲೇಖಕ ಅನ್ನಬಹುದು ಅನ್ನೋ ಐಸಿಎಂಜೆಇಯ ನಾಲ್ಕು ಷರತ್ತು ಪ್ರಿಂಟ್ ಹಾಕಿ, ಡ್ರಾಫ್ಟ್ ಜೊತೆ ಕಳಿಸಿ, 'ಸರ್, ಡಿಸ್ಕಷನ್ ತಿದ್ದಿಕೊಡಿ, ಫೈನಲ್ ವರ್ಷನ್‌ಗೆ ಮೇಲಲ್ಲಿ ಒಪ್ಪಿಗೆ ಕೊಡಿ, ಹೆಸರು ಖಂಡಿತ ಹಾಕ್ತೀನಿ' ಅಂದೆ. ತಿದ್ದಿಕೊಡ್ಲಿಲ್ಲ, ಹೆಸರೂ ಬರ್ಲಿಲ್ಲ, ಸಂಬಂಧವೂ ಕೆಡ್ಲಿಲ್ಲ. ಡಯಾಲಿಸಿಸ್ ಮಾಡಿದ ನೆಫ್ರಾಲಜಿ ಮೇಡಂ ಮಾತ್ರ ಪ್ರತಿ ಸಾಲು ಓದಿ ತಿದ್ದಿದ್ರು.

ಪಬ್ಲಿಷ್ ಆಗೋ ಮುಂಚೆ ತಿದ್ದೋಕೆ ಪ್ರೂಫ್ ಬಂದಾಗ ಎರಡು ದಿನ ಟೈಮ್ ಕೊಡ್ತಾರೆ, ಬೇರೆಲ್ಲ ಕೆಲಸ ಬಿಟ್ಟು ಯೂನಿಟ್ ಮತ್ತು ಹೆಸರು ನೋಡಿ. ನಮ್ಮ ಕಡೆಯವರಿಗೆ ಸರ್‌ನೇಮ್ ಬದಲು ಇನಿಷಿಯಲ್, ಅವರ ಸಿಸ್ಟಂ ಆ ಇನಿಷಿಯಲನ್ನೇ ಸರ್‌ನೇಮ್ ಮಾಡಿ ಹಾಕಿತ್ತು, ಹಾಗೇ ಬಿಟ್ಟಿದ್ರೆ ಪಬ್‌ಮೆಡ್‌ನಲ್ಲಿ ನನ್ನ ಹೆಸರು ಹುಡುಕಿದ್ರೆ ನಾನೇ ಸಿಗ್ತಿರ್ಲಿಲ್ಲ. ಮೊದಲೇ ಆರ್ಕಿಡ್ (ಲೇಖಕರ ಗುರುತಿನ ನಂಬರ್) ಮಾಡಿ ಅದರಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ತುಂಬಿ. ಈಗ ಅದೇ ಹಾವಿನ ಇನ್ನೂ ಮೂರು ಕೇಸ್ ಫೋಟೋ ಸಮೇತ ಸಿಕ್ಕಿವೆ, ಸೊನ್ನೆ ಗಂಟೆ ಟೇಬಲ್ ಸಿಸ್ಟರ್ ಚಾರ್ಟಲ್ಲೇ ಪ್ರಿಂಟ್ ಮಾಡಿಸಿದೀನಿ, ಒಂದೆರಡು ಸೇರಿದ್ರೆ ಸೀರೀಸ್ ಮಾಡಿ ಕಳಿಸ್ತೀನಿ, ಅದು ಪ್ರಮೋಷನ್‌ಗೂ ಬರಬಹುದು. ಮಲೆನಾಡು, ಕೊಡಗು ಕಡೆ ಯಾರ ಹತ್ರಾದ್ರೂ ಇಂಥ ಕೇಸ್ ಗಂಟೆ ಲೆಕ್ಕದ ಚಾರ್ಟ್ ಸಮೇತ ಇದ್ರೆ ತಿಳಿಸಿ, ಒಟ್ಟಿಗೆ ಬರೆಯೋಣ.