ಹಳೇ ಶಾಲೆಗೆ ಹೀಟ್ ಪಂಪ್, ಗ್ರಾಂಟ್ ತಗೊಂಡು ಹೇಗೆ ಮಾಡಿದ್ವಿ

ನಾನು ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ (ನಮ್ಮ ನಗರಸಭೆ ಥರ) ಎನರ್ಜಿ ಕೆಲಸ ನೋಡ್ಕೋತೀನಿ. ಇಲ್ಲಿ ಸರ್ಕಾರಿ ಶಾಲೆ, ಆಸ್ಪತ್ರೆ, ಲೈಬ್ರರಿಗಳಲ್ಲಿ ಕಟ್ಟಡ ಬೆಚ್ಚಗಿಡೋ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ (ಕರೆಂಟಿನಿಂದ ಓಡಿ ಹೊರಗಿನ ಶಾಖವನ್ನ ಒಳಗೆ ತರೋ ಯಂತ್ರ) ಹಾಕೋಕೆ 2020ರಲ್ಲಿ ಪಬ್ಲಿಕ್ ಸೆಕ್ಟರ್ ಡಿಕಾರ್ಬನೈಸೇಶನ್ ಸ್ಕೀಮ್ ಶುರುವಾಯ್ತು, ದುಡ್ಡು ಸರ್ಕಾರದ್ದು, ಅರ್ಜಿ ನೋಡಿ ಹಂಚೋದು ಸ್ಯಾಲಿಕ್ಸ್ ಅನ್ನೋ ಸರ್ಕಾರಿ ಸಂಸ್ಥೆ. ಮೂರನೇ ಫೇಸ್‌ನಲ್ಲಿ ನಾವೂ ಒಂದು ಶಾಲೆಗೆ ಅರ್ಜಿ ಹಾಕಿದ್ವಿ, ಸಿಕ್ತು.

ಬಾಯ್ಲರ್ ಆಯಸ್ಸು ಮುಗಿದಿರಬೇಕು ಅನ್ನೋದು ಆಗ ಒಂದು ಷರತ್ತಾಗಿತ್ತು. ಇನ್ನೊಂದು, ಒಂದು ಟನ್ ಇಂಗಾಲ (ಕಾರ್ಬನ್ ಡೈಆಕ್ಸೈಡ್) ಉಳಿಸೋಕೆ ಗ್ರಾಂಟ್ ದುಡ್ಡು 325 ಪೌಂಡ್ ಮೀರಬಾರದಿತ್ತು, ಅದೂ ಕಟ್ಟಡದಲ್ಲೇ ಸುಡೋ ಇಂಧನದ ಇಂಗಾಲ ಮಾತ್ರ ಲೆಕ್ಕಕ್ಕೆ. ಸೋಲಾರ್‌ನಿಂದ ಉಳಿಯೋ ಕರೆಂಟು ಇದರಲ್ಲಿ ಬರಲ್ಲ, ಹಾಗಾಗಿ ಪ್ಯಾನೆಲ್ ಎಷ್ಟು ಬೇಕೋ ಅಷ್ಟೇ ಬರೆದ್ವಿ.

ಅರ್ಜಿಗಿಂತ ಮುಂಚೆ ಮಾಡಿದ ಒಂದು ಕೆಲಸವೇ ನಮ್ಮ ಕೈ ಹಿಡಿದಿದ್ದು. ಹೀಟ್ ಪಂಪ್ ಚೆನ್ನಾಗಿ ಕೆಲಸ ಮಾಡೋದು ನೀರಿನ ಬಿಸಿ ಕಮ್ಮಿ ಇದ್ದಾಗ, ಅದಕ್ಕೇ ಚಳಿಗಾಲದಲ್ಲೇ, ಹಳೇ ಬಾಯ್ಲರ್ ಇರುವಾಗಲೇ, ರೂಮು ಬಿಸಿ ಮಾಡೋ ರೇಡಿಯೇಟರ್‌ಗೆ ಹೋಗೋ ನೀರನ್ನ 80 ಡಿಗ್ರಿಯಿಂದ 55ಕ್ಕೆ ಇಳಿಸಿ ಪ್ರತಿ ರೂಮಲ್ಲೂ ಟೆಂಪರೇಚರ್ ದಾಖಲಿಸೋ ಒಂದೊಂದು ಲಾಗರ್ ಇಟ್ವಿ. ಹೆಚ್ಚಿನ ಕ್ಲಾಸ್‌ರೂಮು ಬೆಚ್ಚಗೇ ಇತ್ತು, ಉತ್ತರ ದಿಕ್ಕಿನ ಸಾಲು ಮತ್ತೆ ಎತ್ತರದ ಹಾಲ್ ಮಾತ್ರ ತಣ್ಣಗಾಯ್ತು. ಅಂದ್ರೆ ಎಲ್ಲಾ ರೇಡಿಯೇಟರ್ ಬದಲಾಯಿಸೋದು ಬೇಕಿಲ್ಲ, ಅಲ್ಲಿ ಮಾತ್ರ ದೊಡ್ಡದು ಹಾಕಿದ್ರೆ ಸಾಕು ಅಂತ ಗೊತ್ತಾಯ್ತು, ಖರ್ಚು ಮಿತಿಯೊಳಗೆ ಕೂತಿದ್ದೂ ಇದರಿಂದಲೇ. ನಲ್ಲಿಯಲ್ಲಿ ಬರೋ ಬಿಸಿನೀರು ಬೇರೆ ವಿಷಯ, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೀಬಾರದು ಅಂದ್ರೆ ಟ್ಯಾಂಕಿನಲ್ಲಿ 60 ಡಿಗ್ರಿ ಇರಲೇಬೇಕು, ಅದನ್ನ ಈ ಹೀಟಿಂಗ್‌ನಿಂದ ಬೇರೆ ಮಾಡಿಬಿಟ್ವಿ.

ಕರೆಂಟ್ ಲೋಡ್ ಹೆಚ್ಚಿಸೋ ಅರ್ಜಿಯನ್ನ ಗ್ರಾಂಟ್ ಸಿಗೋವರೆಗೂ ಕಾಯದೆ ಮೊದಲೇ ಕೊಡಿ. ಹೊಸ ಕೇಬಲ್ಲು, ಟ್ರಾನ್ಸ್‌ಫಾರ್ಮರ್ ಬೇಕು ಅಂದ್ರೆ ತಿಂಗಳುಗಟ್ಟಲೆ ಹೋಗುತ್ತೆ, ಆದ್ರೆ ಗ್ರಾಂಟ್ ದುಡ್ಡು ಆಯಾ ಹಣಕಾಸು ವರ್ಷದಲ್ಲೇ, ಮಾರ್ಚ್ ಒಳಗೆ ಖರ್ಚಾಗಬೇಕು.

ಬಿಲ್ ಕಮ್ಮಿ ಆಗುತ್ತಾ ಅಂತ ಎಲ್ರೂ ಕೇಳ್ತಾರೆ. ಇಲ್ಲಿ ಒಂದು ಯೂನಿಟ್ ಕರೆಂಟಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದರ, ಪಂಪ್ ಒಂದಕ್ಕೆ ಮೂರರಷ್ಟು ಶಾಖ ಕೊಟ್ರೂ ಅದೊಂದರಿಂದಲೇ ಉಳಿತಾಯ ಆಗಲ್ಲ. ಅದಕ್ಕೇ ನೀರಿನ ಟೆಂಪರೇಚರ್ ಇನ್ನೂ ಇಳಿಸೋದು, ಹೊರಗಿನ ಚಳಿ ನೋಡಿ ತಾನೇ ಹೊಂದಿಸ್ಕೊಳ್ಳೋ ಕಂಟ್ರೋಲ್, ಛಾವಣಿಗೆ ಇನ್ಸುಲೇಶನ್, ಜೊತೆಗೆ ಸೋಲಾರ್, ಇಷ್ಟೂ ಸೇರಿದ್ರೇ ಲೆಕ್ಕ ಸರಿಹೋಗೋದು. ಈ ಮಾತನ್ನ ಹೆಡ್ ಟೀಚರ್‌ಗೆ ಮೊದಲೇ ಬಿಡಿಸಿ ಹೇಳಿದ್ವಿ.

ನಾಲ್ಕನೇ ಫೇಸ್ 2028ಕ್ಕೆ ಮುಗಿಯುತ್ತೆ, ಆಮೇಲೆ ಈ ಸ್ಕೀಮ್ ಇಲ್ಲ ಅಂತ 2025ರ ಜೂನ್‌ನಲ್ಲಿ ಸರ್ಕಾರ ಹೇಳಿಬಿಡ್ತು. ನನಗೆ ನಿಜಕ್ಕೂ ಬೇಜಾರಾಯ್ತು, ಇನ್ನೂ ಎಷ್ಟೋ ಶಾಲೆಗಳಲ್ಲಿ ಬಾಯ್ಲರ್ ಕೊನೆ ಹಂತದಲ್ಲಿವೆ. ಆದ್ರೂ ಆ 55 ಡಿಗ್ರಿ ಟೆಸ್ಟನ್ನ ನಮ್ಮ ಉಳಿದ ಕಟ್ಟಡಗಳಲ್ಲೂ ಈ ಚಳಿಗಾಲಕ್ಕೆ ಮಾಡಿಸ್ತಿದೀನಿ, ಅದಕ್ಕೆ ಗ್ರಾಂಟ್ ಬೇಕಾಗಿಲ್ಲ.